ಹಾಳೆ, ಗರಿ, ಕಡತ: ಸಾಗರದಿಂದ ಮೂಡಬಿದಿರೆಗೆ ಐದು ದಿನ

ಅಮ್ಮನ ಹತ್ತಿರ ಒಂದು ಹಾಡಿನ ಪಟ್ಟಿ ಇದೆ. ನಮ್ಮ ಕಡೆ ನೋಟ್‌ಬುಕ್ಕಿಗೆ ಪಟ್ಟಿ ಅಂತಲೇ ಹೇಳುವುದು. ಹಸೆಗೆ ಕರೆಯುವ ಹಾಡು, ಆರತಿ ಹಾಡು, ತೊಟ್ಟಿಲ ಹಾಡು, ಎಲ್ಲ ಅದರಲ್ಲಿವೆ. ಮದುವೆಯಾಗಿ ಬಂದ ವರ್ಷದಿಂದ ಬರೆಯುತ್ತಾ ಬಂದದ್ದು. ಈಗ ಪುಟ ತಿರುಗಿಸಿದರೆ ಅಂಚು ಹಪ್ಪಳದ ಹಾಗೆ ಮುರಿಯುತ್ತದೆ. ಮರದ ತಿರುಳಿನ ಅಗ್ಗದ ಕಾಗದದಲ್ಲಿ ಆಮ್ಲದ ಅಂಶ ಇರುತ್ತದೆ. ಅದು ಕಾಗದವನ್ನು ಒಳಗಿನಿಂದಲೇ ತಿನ್ನುತ್ತದೆ. ನಲವತ್ತು ವರ್ಷಕ್ಕೇ ಈ ಗತಿ. ಮೂಡಬಿದಿರೆಯಲ್ಲಿ ನೂರಾರು ವರ್ಷ ಹಳೆಯ ಓಲೆಗರಿಗಳು ಇನ್ನೂ ಓದುವ ಹಾಗಿವೆ.

ಆ ಹಾಡುಗಳಿಗೆ ಹೊಸ ಪುಸ್ತಕ ಬೇಕಿತ್ತು. ಅಂಗಡಿಯದ್ದು ಬೇಡ, ಕೈಯಾರೆ ಮಾಡೋಣ ಅಂತ ಹೊರಟೆ. ಬಟ್ಟೆ, ಅಂಟು, ಬಣ್ಣ, ರಟ್ಟು ಎಲ್ಲ ಗಿಡಮರದಿಂದಲೇ ಬರಬೇಕು. ಸಂಕ್ರಾಂತಿ ಮುಗಿದ ವಾರ ಐದು ದಿನ ರಜೆ ಹಾಕಿದೆ.

ಮೊದಲ ದಿನ: ಚೊಗರಿನ ಹಂಡೆ

ರಾತ್ರಿ ಬೆಂಗಳೂರಲ್ಲಿ ತಾಳಗುಪ್ಪ ರೈಲು ಹತ್ತಿ, ಬೆಳಿಗ್ಗೆ ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿದೆ. ಚಿಕ್ಕಪ್ಪ ಸ್ಕೂಟರ್ ತಂದಿದ್ದರು. ಹೆಗ್ಗೋಡಿನ ಕಡೆ ಹೋಗುವ ದಾರಿ. ಇಬ್ಬನಿಗೆ ಮುಂದಿನ ತಿರುವೇ ಕಾಣುತ್ತಿರಲಿಲ್ಲ. ಸ್ವೆಟರ್ ಬ್ಯಾಗಿನ ತಳದಲ್ಲಿತ್ತು, ಹಲ್ಲು ಕಟಕಟ ಅನ್ನುತ್ತಿತ್ತು. ಜನವರಿಯಲ್ಲಿ ಈ ಕಡೆ ಬರುವವರು ಬೆಚ್ಚಗಿನ ಬಟ್ಟೆಯನ್ನು ಮೇಲೇ ಇಟ್ಟುಕೊಳ್ಳಿ.

ಮನೆಯಂಗಳದಲ್ಲಿ ಕೊನೆಯ ಕೊಯ್ಲಿನ ಅಡಿಕೆ ಬೇಯುತ್ತಿತ್ತು. ದೊಡ್ಡ ಹಂಡೆ, ಕೆಳಗೆ ಕೆಂಡ. ಸುಲಿದ ಹಸಿ ಅಡಿಕೆಯನ್ನು ಬೇಯಿಸಿ ತೆಗೆದ ಮೇಲೂ ನೀರು ಚೆಲ್ಲುವುದಿಲ್ಲ. ಅದೇ ನೀರಿಗೆ ಮತ್ತೆ ಅಡಿಕೆ ಹಾಕುತ್ತಾರೆ. ಹಾಕುತ್ತಾ ಹಾಕುತ್ತಾ ನೀರು ಕಂದಾಗಿ, ಆಮೇಲೆ ಕೆಂಪಾಗಿ, ಕೊನೆಗೆ ಜೋನಿಬೆಲ್ಲದ ಹಾಗೆ ದಪ್ಪ ಆಗುತ್ತದೆ. ಅದೇ ಚೊಗರು. ಚಿಕ್ಕಮ್ಮನ ಹತ್ತೂ ಉಗುರು ಅದೇ ಬಣ್ಣ. ಉಪ್ಪಿಟ್ಟಿನ ತಟ್ಟೆ ಕೊಡುವಾಗ ನೋಡಿದೆ. "ಚೈತ್ರದ ತನಕ ಹೋಗ್ತಿಲ್ಲೆ ಇದು" ಅಂದರು. ಉಗುರಿಗೆ ಇಷ್ಟು ಗಟ್ಟಿಯಾಗಿ ಹಿಡಿಯುವುದು ಬಟ್ಟೆಗೆ ಹಿಡಿಯದೆ ಇರುತ್ತದಾ?

ಮಧ್ಯಾಹ್ನ ಅಪ್ಪೆಹುಳಿ ಊಟ ಮುಗಿಸಿ ಭೀಮನಕೋಣೆಗೆ ಹೋದೆ. ರಂಗಕರ್ಮಿ ಪ್ರಸನ್ನ ಅವರು ಕಟ್ಟಿದ ಚರಕ ಸಂಸ್ಥೆ ಇರುವುದು ಅಲ್ಲೇ. ಕೈಮಗ್ಗದ ಬಟ್ಟೆ ನೇಯ್ದು, ಚೊಗರು, ದಾಳಿಂಬೆ ಸಿಪ್ಪೆ, ನೀಲಿ ಇಂಥವುಗಳಿಂದಲೇ ಬಣ್ಣ ಕಟ್ಟುತ್ತಾರೆ. ಕೆಲಸ ಮಾಡುವವರಲ್ಲಿ ಸುತ್ತಲಿನ ಹಳ್ಳಿಯ ಹೆಂಗಸರೇ ಜಾಸ್ತಿ. ಬಣ್ಣ ಹಾಕದ ಬಿಳಿ ಹತ್ತಿ ಬಟ್ಟೆ ಮೂರು ಮೀಟರ್ ತೆಗೆದುಕೊಂಡೆ. ಮಗ್ಗದ ಸದ್ದು ಕೇಳುತ್ತಾ ಸುಮ್ನೆ ಸ್ವಲ್ಪ ಹೊತ್ತು ನಿಂತಿದ್ದೆ. ಹೊರಡಲು ಮನಸ್ಸೇ ಬರಲಿಲ್ಲ.

ಸಂಜೆ ಬಣ್ಣದ ಕೆಲಸ. ಬಟ್ಟೆಯಲ್ಲಿ ಗಂಜಿ ಇದ್ದರೆ ಬಣ್ಣ ಹತ್ತುವುದಿಲ್ಲ, ಅದಕ್ಕೆ ಮೊದಲು ಬಿಸಿನೀರಲ್ಲಿ ಚೆನ್ನಾಗಿ ಒಗೆಯಬೇಕು. ಆಮೇಲೆ ಅಳಲೆಕಾಯಿ ಪುಡಿ ಕದಡಿದ ನೀರಲ್ಲಿ ನೆನೆಸಬೇಕು. ಹತ್ತಿಗೆ ಬಣ್ಣ ಕಚ್ಚಿಕೊಳ್ಳಲು ಈ ಒಗರು ಬೇಕು. ಹಿಂಡಿ ಒಣಗಿಸಿ ಬಿಸಿ ಚೊಗರಿಗೆ ಹಾಕಿದೆವು. ಹೊರಗೆ ತೆಗೆದಾಗ ತಿಳಿಗಂದು. ಒಂದು ತುಂಡನ್ನು ಸುಣ್ಣದ ತಿಳಿನೀರಲ್ಲಿ ಅದ್ದಿದರೆ ಕಣ್ಣೆದುರೇ ಕೆಂಪಿಗೆ ತಿರುಗಿತು. ಇನ್ನೊಂದು ತುಂಡನ್ನು ತುಕ್ಕು ಹಿಡಿದ ಮೊಳೆ ನೆನೆಸಿದ ನೀರಲ್ಲಿ ಅದ್ದಿದೆ. ಮಳೆಮೋಡದ ಬಣ್ಣ ಬಂತು. ಒಂದೇ ಹಂಡೆ, ಮೂರು ಬಣ್ಣ. ಕೆಂಪನ್ನು ಅಮ್ಮನ ಪುಸ್ತಕದ ಬೆನ್ನಿಗೆ ಅಂತ ತೆಗೆದಿಟ್ಟೆ.

ಎರಡನೇ ದಿನ: ಕಡತ

ಕಡತ ಅಂದರೆ ನಮಗೆಲ್ಲ ತಾಲ್ಲೂಕು ಕಚೇರಿಯ ಫೈಲು. ಕಡತ ವಿಲೇವಾರಿ, ಕಡತ ನಾಪತ್ತೆ ಅಂತ ಪೇಪರಿನಲ್ಲಿ ದಿನಾ ಓದುತ್ತೇವೆ. ಮೊದಲು ಅದು ಬಟ್ಟೆಯ ಪುಸ್ತಕ. ಹತ್ತಿ ಬಟ್ಟೆಗೆ ಹುಣಸೆಬೀಜದ ಸರಿ, ಅಂದರೆ ಅಂಟು, ಮತ್ತು ಇದ್ದಿಲ ಪುಡಿ ಬಳಿದು ಕಪ್ಪಾಗಿಸಿ, ಹಿಂದೆ ಮುಂದೆ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಲೆಕ್ಕಪತ್ರಕ್ಕೆ ಅದೇ. ಶೃಂಗೇರಿ ಮಠದಲ್ಲಿ ಇಂಥ ಕಡತಗಳು ಉಳಿದಿವೆ, ಇತಿಹಾಸ ಬರೆಯುವವರು ಅವುಗಳನ್ನೇ ಆಧಾರ ಮಾಡಿಕೊಂಡಿದ್ದಾರೆ. ವಸ್ತು ಹೋಗಿ ಹೆಸರು ಮಾತ್ರ ಕಚೇರಿಯಲ್ಲಿ ಉಳಿಯಿತು. ಆ ವಸ್ತುವನ್ನು ಒಂದು ಸಲ ಕೈಯಲ್ಲಿ ಹಿಡಿಯಬೇಕು ಅಂತ ನನಗೆ ಬಹಳ ದಿನದ ಆಸೆ.

ಚಿಕ್ಕಮ್ಮ ಎರಡು ಲೋಟ ಹುಣಸೆಬೀಜ ಹುರಿದು, ಒರಳಲ್ಲಿ ಕುಟ್ಟಿ ಸಿಪ್ಪೆ ಹಾರಿಸಿ, ಹಿಂದಿನ ರಾತ್ರಿಯೇ ನೆನೆಹಾಕಿದ್ದರು. ಬೆಳಿಗ್ಗೆ ನುಣ್ಣಗೆ ರುಬ್ಬಿ ಸಣ್ಣ ಉರಿಯಲ್ಲಿ ಕಾಯಿಸಿದೆವು. ಕೈ ಬಿಡದೆ ತಿರುವಬೇಕು, ಇಲ್ಲದಿದ್ದರೆ ತಳ ಹಿಡಿಯುತ್ತದೆ. ಮೊದಲು ಹಾಲಿನ ಹಾಗಿತ್ತು, ಒಂದು ಹಂತದಲ್ಲಿ ಇದ್ದಕ್ಕಿದ್ದಂತೆ ಮಿಂಚುವ ಅಂಬಲಿ ಆಯಿತು. ಎರಡು ಬೆರಳ ನಡುವೆ ಹಿಡಿದು ಬಿಡಿಸಿದರೆ ಎಳೆ ಬರುತ್ತದೆ. ಇನ್ನೂ ಸ್ವಲ್ಪ ಗಟ್ಟಿಯಾಗಲಿ ಅಂತ ನಾನು ಕಾಯುತ್ತಿದ್ದೆ.

"ಏ ಕೂಸೇ, ಗಟ್ಟಿ ಮಾಡಡ. ತೆಳ್ಳೇವಿನ ಹಿಟ್ಟಿನ ಹದ ಇರವು" ಅಂದರು ಚಿಕ್ಕಮ್ಮ. ತೆಳ್ಳೇವು ಅಂದರೆ ತೆಳು ದೋಸೆ.

ಅವರು ಹಿಂದೆ ಯಾವತ್ತೂ ಕಡತ ಮಾಡಿದವರಲ್ಲ. ಆದರೆ ಹದ ಅಂದರೆ ಏನು ಅಂತ ಅವರ ಕೈಗೆ ಗೊತ್ತು. ಅವರ ಮಾತು ಕೇಳಿದ್ದು ಒಳ್ಳೆಯದಾಯಿತು. ಬೇರೆ ತುಂಡಿಗೆ ಗಟ್ಟಿ ಸರಿ ಬಳಿದು ನೋಡಿದ್ದೆ, ಒಣಗಿದ ಮೇಲೆ ಅದು ಕೆರೆಯ ಕೆಸರಿನ ಹಾಗೆ ಬಿರುಕು ಬಿಟ್ಟಿತು.

ತೆಂಗಿನ ಗರಟೆ ಸುಟ್ಟ ಇದ್ದಿಲನ್ನು ಪುಡಿ ಮಾಡಿ ತೆಳು ಬಟ್ಟೆಯಲ್ಲಿ ಸೋಸಿ ಸರಿಗೆ ಬೆರೆಸಿದೆವು. ಹುಳ ಬಾರದಿರಲಿ ಅಂತ ಒಂದು ಚಮಚ ಬಜೆ ಪುಡಿ. ಪುಸ್ತಕ ಕಟ್ಟುವವರು ಅಂಟಿಗೆ ಮೈಲುತುತ್ತ ಹಾಕುತ್ತಾರೆ. ಅದು ವಿಷ, ಮನೆಯಲ್ಲಿ ಮಾಡುವವರಿಗೆ ಬಜೆಯೇ ಸಾಕು. ಒಂದು ಮೊಳ ಅಗಲ, ನಾಲ್ಕು ಮೊಳ ಉದ್ದದ ಬಟ್ಟೆಯನ್ನು ಹಲಗೆ ಮೇಲೆ ಎಳೆದು ಬಿಗಿದು ಅಂಗೈಯಿಂದಲೇ ಬಳಿದೆ. ಕುಂಚದಲ್ಲಿ ಬಳಿದರೆ ನೇಯ್ಗೆಯ ಸಂದಿಗೆ ಸರಿಯಾಗಿ ಇಳಿಯುವುದಿಲ್ಲ. ಒಂದು ಪದರ ಒಣಗಿಸಿ, ಹೊಳೆಯ ನುಣುಪುಗಲ್ಲಿನಿಂದ ಉಜ್ಜಿ, ತಿರುವಿ ಹಾಕಿ ಇನ್ನೊಂದು ಪದರ.

ಎರಡನೇ ಪದರ ಹಾಕಿ ಹಗ್ಗಕ್ಕೆ ಹರವಿ ಊಟಕ್ಕೆ ಹೋದೆವು. ಬಂದು ನೋಡಿದರೆ ಬಟ್ಟೆಯ ಒಂದು ತುದಿ ಬೆಳ್ಳಗಾಗಿದೆ. ಕೊಟ್ಟಿಗೆಯ ಕರು ಹಗ್ಗ ಬಿಚ್ಚಿಕೊಂಡು ಬಂದು ಸರಿಯನ್ನು ನೆಕ್ಕಿಬಿಟ್ಟಿತ್ತು. ಅದರ ಮೂತಿ, ಮೂಗು, ಅರ್ಧ ಕಿವಿ ಎಲ್ಲ ಕಪ್ಪು. ಇದ್ದಿಲು, ಬಜೆ ಎಲ್ಲ ಹೊಟ್ಟೆಗೆ ಹೋಯಿತಲ್ಲ ಅಂತ ನನಗೆ ಗಾಬರಿ. ಚಿಕ್ಕಪ್ಪ ಮೂತಿ ಒರೆಸಿ, ನೀರು ಕುಡಿಸಿ, "ಎಂತ ಆಗ್ತಿಲ್ಲೆ" ಅಂದರು. ಸಂಜೆ ಎಂದಿನ ಹಾಗೆ ಹಾಲು ಕುಡಿಯಿತು. ಆಮೇಲೆಯೇ ನನಗೆ ಸಮಾಧಾನ. ಆ ತುದಿಯನ್ನು ಒಂದು ಗೇಣು ಕತ್ತರಿಸಿ ತೆಗೆದು ಮೂರನೇ ಪದರ ಹಾಕಿದೆ. ಅಂಟು ಬಳಿದದ್ದನ್ನು ಅಟ್ಟದಲ್ಲೇ ಒಣಗಿಸಿ, ಅಂಗಳದಲ್ಲಿ ಬೇಡ.

ರಾತ್ರಿ ಪಕ್ಕದ ಊರಿನ ಆಲೆಮನೆಗೆ ಹೋದೆವು. ಗಾಣದ ಪಕ್ಕವೇ ಒಬ್ಬರು ತೊಡೆದೇವು ಮಾಡುತ್ತಿದ್ದರು. ಉರಿಯುವ ಒಲೆ ಮೇಲೆ ಬೋರಲು ಹಾಕಿದ ಮಡಕೆ. ಅಕ್ಕಿಹಿಟ್ಟು, ಕಬ್ಬಿನ ಹಾಲು ಕಲಸಿದ್ದನ್ನು ಕೋಲಿಗೆ ಕಟ್ಟಿದ ಬಟ್ಟೆಯಲ್ಲಿ ಅದ್ದಿ ಮಡಕೆಯ ಮೇಲೆ ಒಂದೇ ಸಲ ಸವರುತ್ತಾರೆ. ಕ್ಷಣದಲ್ಲಿ ಕಾಗದ ಏಳುತ್ತದೆ. ಅದರಾಚೆಯ ಬೆಂಕಿಯ ಬೆಳಕು ಕಾಣುವಷ್ಟು ತೆಳು. ಬಿಸಿಯಾಗಿರುವಾಗಲೇ ಮಡಚಬೇಕು, ಆರಿದರೆ ಪುಡಿ. ಬೆಳಗಿನಿಂದ ಸರಿ ಬಳಿದು ಬಳಿದು ನೋಯುತ್ತಿದ್ದ ಕೈಯಿಂದಲೇ ಮೂರು ತೊಡೆದೇವು ತಿಂದೆ. ಅವರ ಕೈಯ ಆ ಒಂದು ಬೀಸು ಕಣ್ಣಿಂದ ಹೋಗಲೇ ಇಲ್ಲ.

ಮೂರನೇ ದಿನ: ಕೆಳದಿ, ಆಮೇಲೆ ಹಾಳೆ

ಬೆಳಿಗ್ಗೆ ಕೆಳದಿಗೆ ಹೋದೆ. ಸಾಗರದಿಂದ ಹತ್ತಿರ. ರಾಮೇಶ್ವರ ದೇವಸ್ಥಾನದ ಚಾವಣಿಯ ಗಂಡಭೇರುಂಡವನ್ನು ಕತ್ತೆತ್ತಿ ನೋಡಿ, ಕೆಳದಿ ಗುಂಡಾ ಜೋಯಿಸರು ಕಟ್ಟಿ ಬೆಳೆಸಿದ ವಸ್ತುಸಂಗ್ರಹಾಲಯಕ್ಕೆ ಬಂದೆ. ಅಲ್ಲಿ ಓಲೆಗರಿಯ ಕಟ್ಟುಗಳಿವೆ, ಈ ಕಡೆ ಸಂಸ್ಕೃತ ಬರೆಯಲು ಬಳಸುತ್ತಿದ್ದ ತಿಗಳಾರಿ ಲಿಪಿಯವೂ ಇವೆ. ನನಗೆ ಆ ಲಿಪಿ ಓದಲು ಬರುವುದಿಲ್ಲ. ಆದರೆ ಗರಿಗೆ ತೂತು ಎಲ್ಲಿ ಹಾಕಿದ್ದಾರೆ, ತೂತಿನ ಸುತ್ತ ಎಷ್ಟು ಜಾಗ ಬಿಟ್ಟಿದ್ದಾರೆ, ದಾರ ಹೇಗೆ ಸುತ್ತಿದೆ ಎಲ್ಲ ನೋಡಿಕೊಂಡೆ. ದಾರ ಎಳೆದಾಗ ಗರಿ ಸವೆದರೂ ಅಕ್ಷರಕ್ಕೆ ಪೆಟ್ಟು ಬೀಳಬಾರದು, ಅದಕ್ಕೇ ಆ ಖಾಲಿ ಜಾಗ. ಪುಸ್ತಕ ಮಾಡುವವರು ಒಂದು ಸಲ ಹೋಗಿ ಬನ್ನಿ. ಅವಸರದಲ್ಲಿ ಮಾತ್ರ ಬೇಡ.

ಬರುವಾಗ ಬಸ್ ತಪ್ಪಿತು. ಆಟೊದವರೊಬ್ಬರು ಸಾಗರಕ್ಕೆ ಬಿಟ್ಟರು. ಯಾಕೆ ಬಂದಿರಿ ಅಂತ ಕೇಳಿದರು, ಹೇಳಿದೆ. "ನಮ್ಮ ಅಜ್ಜನ ಕಾಲದ ಓಲೆ ಕಟ್ಟು ಒಂದಿತ್ತು ಅಕ್ಕಾ. ಮನೆ ರಿಪೇರಿ ಮಾಡೋವಾಗ ಹೊಳೆಗೆ ಬಿಟ್ರು" ಅಂದರು. ಸ್ವಲ್ಪ ದೂರ ಇಬ್ಬರೂ ಮಾತಾಡಲಿಲ್ಲ. ಹಳೆಯ ಓಲೆಯನ್ನು ಮನೆಯಲ್ಲಿಟ್ಟುಕೊಳ್ಳಬಾರದು ಅಂತ ಹೊಳೆಗೆ ಬಿಟ್ಟ ಮನೆಗಳು ಎಷ್ಟೋ. ನಿಮ್ಮ ಅಟ್ಟದಲ್ಲಿ ಕಟ್ಟು ಇದ್ದರೆ ದಯವಿಟ್ಟು ಬಿಡಬೇಡಿ. ಓದಬಲ್ಲವರಿಗೆ ತೋರಿಸಿ.

ಮಧ್ಯಾಹ್ನದ ಮೇಲೆ ಪುಸ್ತಕದ ಕೆಲಸ. ಕನ್ನಡದಲ್ಲಿ ಅಡಿಕೆ ಮರದಿಂದ ಬೀಳುವುದೂ ಹಾಳೆ, ಬರೆಯುವ ಕಾಗದವೂ ಹಾಳೆ. ಹಾಗಾಗಿ ರಟ್ಟಿಗೆ ಬೇರೆ ಯೋಚನೆಯನ್ನೇ ಮಾಡಲಿಲ್ಲ. ತೋಟಕ್ಕೆ ಹೋಗಿ ಕಲೆಯಿಲ್ಲದ ನಾಲ್ಕು ಹಾಳೆ ಆರಿಸಿದೆ. ಬೆಳಿಗ್ಗೆ ಬಿದ್ದದ್ದೇ ಒಳ್ಳೆಯದು. ಎರಡು ದಿನ ಬಿಸಿಲು ತಿಂದದ್ದು ಸುರುಳಿಯಾಗಿ ಸೀಳುತ್ತದೆ. ಅರ್ಧ ಗಂಟೆ ನೀರಲ್ಲಿ ಮುಳುಗಿಸಿಟ್ಟರೆ ಚರ್ಮದ ಹಾಗೆ ಮೆತ್ತಗಾಗುತ್ತದೆ. ಅಂಚು ಕತ್ತರಿಸಿ, ಎರಡು ಹಲಗೆಯ ನಡುವೆ ಇಟ್ಟು ಮೇಲೆ ರುಬ್ಬುಗುಂಡು ಹೇರಿದೆವು.

ಒಳಪುಟಕ್ಕೆ ಹತ್ತಿ ಚಿಂದಿಯಿಂದ ಮಾಡಿದ ಕೈಕಾಗದವನ್ನು ಬೆಂಗಳೂರಿನ ಖಾದಿ ಭಂಡಾರದಿಂದ ತಂದಿದ್ದೆ. ಅದರ ಮೇಲೆ ಹಾಗೇ ಬರೆದರೆ ಮಸಿ ಹರಡುತ್ತದೆ. ಅನ್ನದ ತಿಳಿಗಂಜಿ ಸವರಿ ಒಣಗಿಸಿ ಶಂಖದಿಂದ ಉಜ್ಜಿದರೆ ಮಸಿ ಮೇಲೇ ನಿಲ್ಲುತ್ತದೆ. ದೇವರ ಮನೆಯ ಶಂಖ ಕೇಳಲು ಸಂಕೋಚವಾಯಿತು. ಚಿಕ್ಕಮ್ಮ ತಾವೇ ತಂದುಕೊಟ್ಟು, "ಹಾಡು ಬರೆಯಕ್ಕೆ ಅಲ್ದಾ, ತಗ" ಅಂದರು. ನಲವತ್ತೆಂಟು ಹಾಳೆ ಉಜ್ಜುವಷ್ಟರಲ್ಲಿ ಕತ್ತಲಾಯಿತು. ಉಜ್ಜಿದ ಕಾಗದಕ್ಕೂ ಉಜ್ಜದ ಕಾಗದಕ್ಕೂ ಇರುವ ವ್ಯತ್ಯಾಸ ಬೆರಳಿಗೆ ಗೊತ್ತಾಗುತ್ತದೆ. ಒಂದು ಒರಟು ಗೋಡೆ, ಇನ್ನೊಂದು ಸಾರಿಸಿದ ನೆಲ.

ನಾಲ್ಕು ನಾಲ್ಕು ಹಾಳೆ ಮಡಚಿ ಹನ್ನೆರಡು ಕಟ್ಟು ಮಾಡಿ ಬೆನ್ನಿನಲ್ಲಿ ಹೊಲಿದೆ. ಹೂವು ಕಟ್ಟುವ ಬಾಳೆನಾರಿನಲ್ಲೇ ಹೊಲಿಯೋಣ ಅಂತ ಇತ್ತು. ಒದ್ದೆಯಿರುವಾಗ ಚೆನ್ನಾಗಿರುತ್ತದೆ, ಒಣಗಿದ ಮೇಲೆ ಮಡಿಕೆಯಲ್ಲಿ ತುಂಡಾಗುತ್ತದೆ. ಎರಡು ಸಲ ಹರಿದ ಮೇಲೆ ಹತ್ತಿ ನೂಲನ್ನೇ ಹಿಡಿದೆ. ಬಾಳೆನಾರು ಹೊಸೆದು ಹೊರಗೆ ಕಟ್ಟುವ ದಾರ ಮಾಡಿಕೊಂಡೆ. ಬೆನ್ನಿಗೆ ಚೊಗರಿನ ಕೆಂಪು ಬಟ್ಟೆ, ಅಂಟು ಅದೇ ಹುಣಸೆಬೀಜದ್ದು. ಚಿಮಣಿ ದೀಪದ ಬೆಳಕಲ್ಲ, ಒಳ್ಳೆಯ ಬಲ್ಬಿನ ಬೆಳಕಲ್ಲೇ ಹೊಲಿದದ್ದು, ಆದರೂ ಕಣ್ಣು ಉರಿಯುತ್ತಿತ್ತು.

ನಾಲ್ಕನೇ ದಿನ: ಘಾಟಿ ಇಳಿದು

ಹೊಸನಗರ, ನಗರ, ಹುಲಿಕಲ್ ಘಾಟಿ ದಾರಿಯ ಬಸ್ಸು. ನಗರದಲ್ಲಿ ಕೋಟೆಯ ಗೋಡೆ ರಸ್ತೆಗೇ ಕಾಣುತ್ತದೆ. ಆಮೇಲೆ ಕಾಡು. ಘಾಟಿಯಲ್ಲಿ ಚಂಡಿಕಾಂಬಾ ಗುಡಿಯ ಹತ್ತಿರ ಬಸ್ಸು ನಿಧಾನ ಮಾಡಿತು, ಎಲ್ಲರೂ ಕುಳಿತಲ್ಲೇ ಕೈಮುಗಿದರು. ಒಂದೊಂದೇ ತಿರುವು ಇಳಿದ ಹಾಗೆ ಸೆಕೆ ಮೇಲೇರುತ್ತದೆ. ಬೆಳಿಗ್ಗೆ ಹಾಕಿದ ಸ್ವೆಟರನ್ನು ಅರ್ಧ ಘಾಟಿಯಲ್ಲಿ ತೆಗೆದೆ.

ಪುಸ್ತಕ ಇನ್ನೂ ಹಲಗೆಯ ನಡುವೆಯೇ ಇತ್ತು. ಉಳಿದ ಎರಡು ಅಡಿಕೆ ಹಾಳೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದೆ. ಕೆಳಗೆ ಬಸ್ಸು ಬದಲಿಸಿದ ಮೇಲೆ ಕಂಡಕ್ಟರ್ ನೋಡಿ, "ಎಂತ ಅಕ್ಕ ಇದು, ಮುಟ್ಟಾಳೆ ಮಾಡ್ಲಿಕ್ಕಾ?" ಅಂದರು. ಮುಟ್ಟಾಳೆ ಅಂದರೆ ಹಾಳೆಯ ಟೊಪ್ಪಿ. ಪುಸ್ತಕದ ರಟ್ಟಿಗೆ ಅಂದೆ. ಒಂದು ಹಾಳೆ ಕೈಗೆ ತೆಗೆದುಕೊಂಡು ಬಗ್ಗಿಸಿ ನೋಡಿದರು. "ಮಳೆಗಾಲದಲ್ಲಿ ಇದಕ್ಕೆ ಬೂಸ್ಟು ಬರ್ತದೆ. ಅಟ್ಟದ ಹೊಗೆಯಲ್ಲಿ ನಾಲ್ಕು ದಿನ ಇಡಿ" ಅಂದರು. ಅವರ ತಂದೆ ಮುಟ್ಟಾಳೆ ಕಟ್ಟುತ್ತಿದ್ದರಂತೆ. ಇಡೀ ಪ್ರವಾಸದಲ್ಲಿ ನನಗೆ ಸಿಕ್ಕ ಬಲು ಉಪಯೋಗದ ಮಾತು ಇದು.

ಉಡುಪಿ ನಿಲ್ದಾಣದಲ್ಲಿ ಬಿಸಿ ಗೋಳಿಬಜೆ ತಿಂದು, ಕಾರ್ಕಳದ ಮೇಲೆ ಮೂಡಬಿದಿರೆ. ಗೆಳತಿಯ ಮನೆಗೆ ಹೋಗಿ ಮಲಗಿದ್ದೇ ಗೊತ್ತು.

ಐದನೇ ದಿನ: ಗರಿಯ ಮೇಲೆ

ಬೆಳಿಗ್ಗೆ ಬೇಗ ಸಾವಿರ ಕಂಬದ ಬಸದಿಗೆ ಹೋದೆವು. 1430ರದ್ದು. ಆಮೇಲೆ ಗುರು ಬಸದಿ. ಧವಲ, ಜಯಧವಲ, ಮಹಾಧವಲ ಎಂಬ ಜೈನ ಸಿದ್ಧಾಂತ ಗ್ರಂಥಗಳ ಓಲೆ ಪ್ರತಿಗಳನ್ನು ಶತಮಾನಗಳ ಕಾಲ ಕಾಪಾಡಿದ್ದು ಈ ಊರು. ಭಾಷೆ ಪ್ರಾಕೃತ, ಲಿಪಿ ಹಳಗನ್ನಡದ್ದು, ಗರಿ ಶ್ರೀತಾಳೆ ಎಂಬ ತಾಳೆಮರದ್ದು. ಧವಲ ಅಚ್ಚಾಗಲು ಶುರುವಾದದ್ದು 1939ರಲ್ಲಿ, ಹದಿನಾರು ಸಂಪುಟ ಮುಗಿದದ್ದು 1958ರಲ್ಲಿ. ಅಲ್ಲಿಯವರೆಗೆ ಆ ಅಕ್ಷರಗಳನ್ನು ಹೊತ್ತು ಕೂತಿದ್ದು ಒಂದು ಮರದ ಎಲೆ. ಮೂಲ ಪ್ರತಿ ನೋಡಬೇಕು ಅನ್ನುವವರು ಮೊದಲೇ ಅನುಮತಿ ಕೇಳಿಕೊಂಡು ಹೋಗಿ. ನಾನು ಕೇಳಿರಲಿಲ್ಲ, ಗರ್ಭಗುಡಿಯ ಎದುರು ಕೈಮುಗಿದು ಬಂದೆ.

ಗೆಳತಿಯ ಪರಿಚಯದ ನಿವೃತ್ತ ಮಾಷ್ಟ್ರೊಬ್ಬರು ಓಲೆ ಬರೆಯುವುದನ್ನು ಹಿರಿಯರಿಂದ ಕಲಿತವರು. ಅವರ ತೋಟದ ಮೂಲೆಯಲ್ಲಿ ಒಂದು ಶ್ರೀತಾಳೆ ಇದೆ. ಒಂದು ಗರಿಯ ಕೆಳಗೆ ನಾವು ಮೂವರೂ ನೆರಳಲ್ಲಿ ನಿಂತೆವು, ಅಷ್ಟು ದೊಡ್ಡದು. ಈ ಮರ ಮೂವತ್ತರಿಂದ ಎಂಬತ್ತು ವರ್ಷದ ನಡುವೆ ಒಂದೇ ಒಂದು ಸಲ ಹೂ ಬಿಡುತ್ತದೆ. ಕಾಯಿ ಉದುರಿಸಿ ಸಾಯುತ್ತದೆ. ಹೂ ಬಿಟ್ಟರೆ ಮನೆಗೆ ಕೆಟ್ಟದ್ದು ಅಂತ ಹೆದರಿ ಮೊದಲೇ ಕಡಿದವರಿದ್ದಾರೆ ಎಂದು ಮಾಷ್ಟ್ರು ಬೇಸರಪಟ್ಟರು. "ಬೀಜ ಕೊಡ್ಲಿಕ್ಕೆ ಅದು ಹೂ ಬಿಡುವುದು. ಅದನ್ನು ಕಡಿದ್ರೆ ಮುಂದೆ ಮರ ಎಲ್ಲಿಂದ ಬರ್ಬೇಕು?"

ಬಲಿಯದ ಎಳೆಯ ಗರಿ ಕೊಯ್ದು, ನಡುಕಡ್ಡಿ ತೆಗೆದು, ಅರಿಶಿನದ ನೀರಲ್ಲಿ ಬೇಯಿಸಿ, ನೆರಳಲ್ಲಿ ಒಣಗಿಸಿ, ಅಡುಗೆಮನೆಯ ಹೊಗೆಯಲ್ಲಿ ತೂಗಿಹಾಕಿ, ಆಮೇಲೆ ಉಜ್ಜಿ ನುಣುಪು ಮಾಡಬೇಕು. ಇದು ಒಂದು ದಿನದ ಕೆಲಸ ಅಲ್ಲ. ಅವರು ಹಿಂದಿನ ವರ್ಷ ಹದ ಮಾಡಿಟ್ಟಿದ್ದ ಎರಡು ಗರಿ ಕೊಟ್ಟರು. ಒಂದು ಮೊಳ ಉದ್ದ, ಮೂರು ಬೆರಳು ಅಗಲ, ಹಳೆಯ ತುಪ್ಪದ ಬಣ್ಣ. ಮಜ್ಜಿಗೆ ಹುಲ್ಲಿನ ಎಣ್ಣೆಯ ವಾಸನೆ. ಅದನ್ನು ಸವರುತ್ತಿದ್ದರೆ ಗರಿ ಒರಟಾಗಿ ಮುರಿಯುವುದಿಲ್ಲ, ಹುಳವೂ ಹತ್ತಿರ ಸುಳಿಯುವುದಿಲ್ಲ.

ಕಂಟ ಹಿಡಿಯುವುದು ಪೆನ್ನು ಹಿಡಿದ ಹಾಗಲ್ಲ. ಕಬ್ಬಿಣದ ಆ ಕಡ್ಡಿಯನ್ನು ಬಲಗೈ ಮುಷ್ಟಿಯಲ್ಲಿ ನಿಲ್ಲಿಸಿ, ಗರಿ ಹಿಡಿದ ಎಡಗೈಯ ಹೆಬ್ಬೆರಳಿನಿಂದ ಮೆಲ್ಲಗೆ ತಳ್ಳಬೇಕು. ಬರೆಯುವುದು ಎರಡೂ ಕೈ ಸೇರಿ. ಮೊದಲ ಅಕ್ಷರ 'ಅ' ಬರೆದೆ. ದುಂಡಗೆ ತಿರುಗುವಲ್ಲಿ ಕಂಟ ಸಲೀಸಾಗಿ ಹೋಯಿತು. ಕೆಳಗೆ ನೇರ ಗೆರೆ ಎಳೆದೆ ನೋಡಿ, ಗರಿಯ ನಾರಿನ ಜಾಡು ಹಿಡಿದು ಚಿರ್ರ್ ಅಂತ ಸೀಳಿತು. ಮಾಷ್ಟ್ರು ಏನೂ ಹೇಳದೆ ಆ ಸೀಳನ್ನು ಬೆರಳಲ್ಲಿ ತೋರಿಸಿದರು. ನಮ್ಮ ಅಕ್ಷರ ಗುಂಡಗಾದದ್ದು ಓಲೆಯಿಂದ ಅನ್ನುವ ಮಾತನ್ನು ಎಷ್ಟೋ ಸಲ ಓದಿದ್ದೆ. ಅವತ್ತು ಅದು ಕೈಗೆ ಗೊತ್ತಾಯಿತು.

ಎರಡನೇ ಗರಿಯಲ್ಲಿ ಅಮ್ಮನ ಪಟ್ಟಿಯ ಮೊದಲ ಹಾಡಿನ ಮೊದಲ ಸಾಲು ಬರೆದೆ. ಒಂದೂವರೆ ಗಂಟೆ ಹಿಡಿಯಿತು. ಬರೆದದ್ದು ಮೊದಲು ಕಾಣುವುದೇ ಇಲ್ಲ, ಗೀರು ಮಾತ್ರ. ಮಾಷ್ಟ್ರು ದೀಪದ ಕಾಡಿಗೆಗೆ ಎಣ್ಣೆ ಬೆರೆಸಿ ಗರಿಯ ಮೇಲೆ ಒಂದು ಸಲ ಬಳಿದು ಬಟ್ಟೆಯಿಂದ ಒರೆಸಿದರು. ಮೇಲಿನ ಮಸಿ ಹೋಯಿತು, ಗೀರಿನೊಳಗಿನದು ನಿಂತಿತು. ಒಂದೇ ಒರಸಿಗೆ ಇಡೀ ಸಾಲು ಎದ್ದು ಬಂತು. ನನ್ನ ಕಣ್ಣಲ್ಲಿ ನೀರು ಬಂತು.

ಪುಸ್ತಕಕ್ಕೆ ಯಾವ ಮಸಿ ಅಂತ ಅವರನ್ನೇ ಕೇಳಿದೆ. ಚೊಗರಿಗೆ ಕಬ್ಬಿಣ ಬೆರೆಸಿದ ಮಸಿ ಕಪ್ಪಾಗಿ ಚಂದ ಕಾಣುತ್ತದೆ, ಆದರೆ ಕಾಲ ಹೋದ ಹಾಗೆ ಕಾಗದವನ್ನು ತಿನ್ನುತ್ತದೆ. ಕಾಡಿಗೆ ಮತ್ತು ಜಾಲಿ ಅಂಟಿನ ಮಸಿ ಮಾಸುವುದಿಲ್ಲ. ಒಂದು ಸಣ್ಣ ಭರಣಿ ತುಂಬಾ ಅರೆದು ಕೊಟ್ಟರು. ದುಡ್ಡು ಮುಟ್ಟಲಿಲ್ಲ. "ಹಾಡು ಬರೆದಾದ ಮೇಲೆ ಒಮ್ಮೆ ತೋರಿಸಿ" ಅಂದರು.

ರಾತ್ರಿ ಬಸ್ಸಿಗೆ ಬೆಂಗಳೂರು. ಪುಸ್ತಕ ಮತ್ತು ಕಡತ ಎರಡನ್ನೂ ಚಿಕ್ಕಪ್ಪ ಒಲೆಯ ಮೇಲಿನ ಅಟ್ಟದಲ್ಲಿ ನಾಲ್ಕು ದಿನ ಇಟ್ಟು, ಆಮೇಲೆ ಬರುವವರ ಕೈಯಲ್ಲಿ ಕಳಿಸಿದರು.

ಅಮ್ಮ ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು, "ನಮ್ಮನೆ ಅಟ್ಟದ ವಾಸನೆ" ಅಂದಳು. ಶಂಖದಿಂದ ಉಜ್ಜಿದ ಪುಟದ ಮೇಲೆ ಬೆರಳಾಡಿಸಿದಳು. ಬರೆಯಲು ಧೈರ್ಯ ಬರಲಿಲ್ಲ. ಈಗ ಅವಳ ಕೈ ಸ್ವಲ್ಪ ನಡುಗುತ್ತದೆ. ಕೊನೆಗೆ ಕಡತ ಬಿಚ್ಚಿ, ಮೊದಲ ಮಡಿಕೆಯ ಮೇಲೆ ಬಳಪದಲ್ಲಿ ಹಸೆಗೆ ಕರೆಯುವ ಹಾಡು ಬರೆದು ನೋಡಿದಳು. ಸಾಲು ಓರೆಯಾಯಿತು ಅಂತ ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದಳು. ಮತ್ತೆ ಬರೆದಳು. ನಿನ್ನೆಗೆ ನಾಲ್ಕು ಸಲ ಆಗಿದೆ. ಮಸಿಯ ಭರಣಿ ಪಕ್ಕದಲ್ಲೇ ಇದೆ, ಇನ್ನೂ ಮುಚ್ಚಳ ತೆಗೆದಿಲ್ಲ.